ಸದ್ದಿಲ್ಲದ ಹೋಟೆಲು

ಮದುವೆಯಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಅಷ್ಟರಲ್ಲೇ ನನ್ನ ಗಂಡನಿಗೆ ನಾನು ಬೇಡವಾಗಿದ್ದೇನೆ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ನನ್ನ ತವರು ಕೊರಟಗೆರೆ ಹತ್ತಿರದ ಒಂದು ಹಳ್ಳಿ. ಅವರು ಪಾವಗಡದ ಆಚೆ, ವೈ.ಎನ್. ಹೊಸಕೋಟೆಯ ಶಾಲೆಯಲ್ಲಿ ಮೇಷ್ಟ್ರು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನನ್ನು ಹೊಸಕೋಟೆಗೆ ಕರೆದುಕೊಂಡು ಹೋಗುವ ಮೊದಲು ಶಿರಾ ತಾಲ್ಲೂಕಿನ ಹುಲಿಕುಂಟೆಯಲ್ಲಿದ್ದ ತಮ್ಮ ಅಕ್ಕನ ಮನೆಯಲ್ಲಿ ಕೆಲವು ದಿನ ಇರಿಸಿಕೊಂಡರು. ಅವರಿಗೆ ತಾಯಿ ಇರಲಿಲ್ಲ. ಅಕ್ಕನೇ ಸಾಕಿದ್ದು.

ತವರಿನಿಂದ ಹೊರಡುವಾಗ ಅಮ್ಮ ಹೇಳಿದ್ದು ಒಂದೇ ಮಾತು. "ಗಂಡನ ಮುಂದೆ ದನಿ ಎತ್ಬ್ಯಾಡ ಕಣಮ್ಮ. ಮೆತ್ತಗೆ ಮಾತಾಡು." ನಾನು ಹಾಗೇ ಮೆತ್ತಗೆ ಮಾತಾಡಿದೆ. ಒಂದು ದಿನ ಅವರು ಹೊಲದಿಂದ ಬಂದಾಗ ಬಾಗಿಲ ಮರೆಯಲ್ಲಿ ನಿಂತು, "ನೀರು ಕೊಡ್ಲಾ?" ಎಂದೆ. ಅವರು ನನ್ನ ಪಕ್ಕದಲ್ಲೇ ಹಾದು ಒಳಗೆ ಹೋದರು. ತಿರುಗಿಯೂ ನೋಡಲಿಲ್ಲ. ಇನ್ನೊಂದು ದಿನ ಉಣ್ಣುವಾಗ, "ಸಾರು ಬೇಕಾ?" ಎಂದು ಕೇಳಿದೆ. ಉತ್ತರವಿಲ್ಲ. ಮತ್ತೆ ಕೇಳಿದೆ. ತಟ್ಟೆ ನೋಡುತ್ತಾ ಉಣ್ಣುತ್ತಲೇ ಇದ್ದರು. ಅವರ ಅಕ್ಕ ಒಲೆಯ ಮುಂದೆ ಕೂತು ಎಲ್ಲವನ್ನೂ ನೋಡುತ್ತಿದ್ದರು. ಏನೋ ಹೇಳಲು ಬಾಯಿ ತೆರೆದವರು ಹೇಳದೆ ಸುಮ್ಮನಾದರು. ನಾನು ಕೊಟ್ಟಿಗೆಗೆ ಹೋಗಿ ಎಮ್ಮೆಯ ಮೈಗೆ ಒರಗಿ ಅತ್ತೆ. ಈ ಮನುಷ್ಯ ನನ್ನನ್ನು ತವರಿಗೆ ವಾಪಸು ಕಳಿಸುತ್ತಾನೆ, ಇವತ್ತಲ್ಲ ನಾಳೆ ಕಳಿಸುತ್ತಾನೆ ಎಂಬ ಭಯ ನನಗೆ ಆವತ್ತೇ ಹೊಕ್ಕಿತು.

ಹುಲಿಕುಂಟೆಯಿಂದ ಹೊರಟ ದಿನ ಬೆಳಿಗ್ಗೆ ಶಿರಾದಲ್ಲಿ ಇಳಿದೆವು. ಅಲ್ಲಿಂದ ಸಾಯಂಕಾಲದ ಬಸ್ಸಿಗೆ ಪಾವಗಡ. ಶಿರಾದ ಹೊರಗಿನ ಬಯಲಿನಲ್ಲಿ ದೊಡ್ಡ ಸರ್ಕಸ್ಸೊಂದು ಡೇರೆ ಹಾಕಿತ್ತು. ಅದರ ಸುತ್ತ ಜಯಂಟ್ ವೀಲು, ಗಿರಗಿರ ತಿರುಗುವ ಮರದ ಕುದುರೆಗಳು, ಬಾವಿಯಂಥ ಹಲಗೆಯ ಗೋಡೆಯ ಮೇಲೆ ಮೋಟಾರು ಸೈಕಲ್ಲು ಓಡಿಸುವವರು, ಬಳೆ ಅಂಗಡಿ, ಬೊಂಬೆ ಅಂಗಡಿ, ಬೋಂಡದ ಅಂಗಡಿ ಎಲ್ಲ ಸೇರಿ ಅಲ್ಲಿ ಇನ್ನೊಂದು ಊರೇ ಎದ್ದಿತ್ತು. ಅವರು ಟ್ರಂಕನ್ನು ಬಸ್ ನಿಲ್ದಾಣದ ಹತ್ತಿರ ಪರಿಚಯದವರ ಅಂಗಡಿಯಲ್ಲಿ ಇಟ್ಟು, "ಸರ್ಕಸ್ಸು ನೋಡ್ತೀಯಾ?" ಎಂದು ಕೇಳಿದರು. ನಾನು ತಲೆ ಆಡಿಸಿದೆ.

ಮಧ್ಯಾಹ್ನದ ಆಟ ನೋಡಿದೆವು. ಮೇಲೆ ತೂಗಾಡುವ ಹುಡುಗಿಯರಿಗಿಂತ ನನಗೆ ನೆನಪಿರುವುದು ಚಿರತೆ. ಅದನ್ನು ಒಂದು ಸ್ಟೂಲಿನ ಮೇಲೆ ಕೂರಿಸಿದ್ದರು. ಆಡಿಸುವವನು ಚಾಟಿಯಿಂದ ಎಷ್ಟು ಸದ್ದು ಮಾಡಿದರೂ ಅದು ಅವನ ಕಡೆ ನೋಡುತ್ತಿರಲಿಲ್ಲ, ಜನರನ್ನು ನೋಡುತ್ತಿತ್ತು. ನಾವು ಕೂತ ಕಡೆಗೂ ಒಮ್ಮೆ ಮುಖ ತಿರುಗಿಸಿತು. ನಾನು ಕಾಲನ್ನು ಹಲಗೆಯ ಮೇಲಕ್ಕೆ ಎಳೆದುಕೊಂಡೆ. ಪಕ್ಕದಲ್ಲಿದ್ದ ಹೆಂಗಸೊಬ್ಬಳು ನಕ್ಕಳು.

ಆಟ ಮುಗಿದು ಬಯಲಿಗೆ ಬಂದಾಗ ಹಸಿವಾಗಿತ್ತು. ಮೈಕುಗಳು ಎರಡೂ ಕಡೆಯಿಂದ ಅರಚುತ್ತಿದ್ದವು. ತಗಡಿನ ಚಪ್ಪರದ ಕೆಳಗೆ ಬಾಣಲೆಯಲ್ಲಿ ಬೋಂಡ ಬೇಯುತ್ತಿತ್ತು. ಹಳ್ಳಿಯಿಂದ ಬಂದ ಗಂಡಸರು, ಹೆಂಗಸರು, ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕೂತು ತಿನ್ನುತ್ತಿದ್ದರು. ಅಲ್ಲೇ ಕೂತರೆ ಸಾಕು ಅನ್ನಿಸಿತು ನನಗೆ. ಆ ಜನರ ನಡುವೆ ನಾನು ಯಾರ ಕಣ್ಣಿಗೂ ಬೀಳುವುದಿಲ್ಲ. ಅವರು ನನ್ನ ಕಡೆ ತಿರುಗಿ, "ಏನು ತಿಂತೀಯಾ?" ಎಂದರು.

"ಇಲ್ಲೇ ಬೋಂಡ ತಿನ್ನೋಣ," ಎಂದೆ.

ಅವರು ಬಾಗಿದರು. "ಏನು?"

ಮತ್ತೆ ಹೇಳಿದೆ. ಅವರು ಇನ್ನಷ್ಟು ಬಾಗಿ ನನ್ನ ತುಟಿಯನ್ನೇ ನೋಡಿದರು. ಅಮ್ಮನ ಮಾತು ನೆನಪಾಗಿ ನನ್ನ ದನಿ ಇನ್ನೂ ಇಳಿಯಿತು. ಅವರ ಮುಖ ಬಿಗಿಯಿತು. ನೆಟ್ಟಗೆ ನಿಂತು, "ಇಲ್ಲಿ ಬ್ಯಾಡ. ಪೇಟೆಯೊಳಗೆ ಒಂದು ಹೋಟ್ಲೈತೆ. ಮಹಡಿ ಮೇಲೆ ಫ್ಯಾಮಿಲಿ ರೂಮ್ ಮಾಡವ್ರೆ. ಮಕ್ಳುಮರಿ ಗಲಾಟೆ ಇರಲ್ಲ, ಸದ್ದು ಇರಲ್ಲ. ನಿನ್ ತಾವ ಒಂದು ಮಾತಾಡ್ಬೇಕು," ಎಂದು ಹೇಳಿ ನಡೆದೇಬಿಟ್ಟರು.

ಹೊಸ ಹೆಂಡತಿಗೆ ಯಾರೂ ಇಲ್ಲದ ಕಡೆ ಕರೆದುಕೊಂಡು ಹೋಗಿ ಹೇಳುವಂಥ ಮಾತು ಯಾವುದು? ನೀನು ನನಗೆ ಬೇಡ ಎನ್ನುವ ಮಾತೇ ಇರಬೇಕು. ಅವರ ಬೆನ್ನು ನೋಡಿಕೊಂಡು ಹಿಂದೆ ಹಿಂದೆ ನಡೆದೆ. ದಾರಿಯಲ್ಲಿ ಕಡಲೆಕಾಯಿ ಮಂಡಿಗಳು, ಗೋದಾಮುಗಳು, ಕಂಬಳಿ ಅಂಗಡಿಗಳು, ಜಟಕಾ ಸ್ಟ್ಯಾಂಡು. ತವರಿಗೆ ಹೋಗಿ ಅಪ್ಪನ ಮುಂದೆ ಹೇಗೆ ನಿಲ್ಲಲಿ ಎಂದು ಯೋಚಿಸುತ್ತಿದ್ದೆನೇ ಹೊರತು ಯಾವುದನ್ನೂ ಸರಿಯಾಗಿ ನೋಡಲಿಲ್ಲ.

ಹೋಟೆಲಿನ ಒಳಗೆ ಕಾಲಿಟ್ಟಿದ್ದು ಅದೇ ಮೊದಲು. ಕೆಳಗೆ ಗಂಡಸರು ಕೂತಿದ್ದರು, ಅಷ್ಟೂ ಜನ ನನ್ನನ್ನೇ ನೋಡಿದಂತಾಯಿತು. ಗಲ್ಲಾದಲ್ಲಿ ಕೂತಿದ್ದ ಯಜಮಾನರು ದಕ್ಷಿಣ ಕನ್ನಡದ ಕಡೆಯವರು, ಕಿವಿಯಲ್ಲಿ ಕಡುಕು ಹಾಕಿದ್ದರು. "ಮೇಲೆ ಹೋಗಿ, ಮೇಲೆ. ಹೆಂಗಸರಿಗೆ ಮೇಲೆ ಉಂಟು," ಎಂದರು. ಮರದ ಮೆಟ್ಟಿಲು ಕಿರ್ರೆನ್ನುತ್ತಿತ್ತು. ಮಹಡಿಯಲ್ಲಿ ಎದೆಮಟ್ಟದ ಹಲಗೆ ಕಟ್ಟಿ ಕೋಣೆಯಂತೆ ಮಾಡಿ, ಹಸಿರು ಪರದೆ ಇಳಿಬಿಟ್ಟಿದ್ದರು. ಬೀದಿಯ ಕಡೆಗೆ ಒಂದು ಕಿಟಕಿ. ನಿಜವಾಗಿಯೂ ಅಲ್ಲಿ ಸದ್ದಿರಲಿಲ್ಲ. ಪಕ್ಕದ ಹಲಗೆಯ ಆಚೆ ಬುರ್ಖಾ ತೊಟ್ಟ ವಯಸ್ಸಾದ ತಾಯಿಯೊಬ್ಬರು ಮುಖದ ಮೇಲಿನ ಬಟ್ಟೆ ಎತ್ತಿಕೊಂಡು ಒಬ್ಬರೇ ಕೂತು ಕಾಫಿ ಕುಡಿಯುತ್ತಿದ್ದರು. ನನ್ನನ್ನು ನೋಡಿ ಸ್ವಲ್ಪ ನಕ್ಕರು. ನನಗೆ ನಗು ಬರಲಿಲ್ಲ.

ಅವರು ನನ್ನನ್ನು ತಮ್ಮ ಬಲಗಡೆ ಕೂರಿಸಿಕೊಂಡರು. ಸಪ್ಲೈಯರು ಕೇಸರಿಬಾತು, ದೋಸೆ ತಂದಿಟ್ಟು ಹೋದ. ನಾನು ಮುಟ್ಟಲಿಲ್ಲ.

"ನೋಡು," ಎಂದರು ಅವರು. ದೋಸೆಯ ಅಂಚು ಮುರಿದು ಮುರಿದು ತಟ್ಟೆಯಲ್ಲೇ ಇಡುತ್ತಿದ್ದರು. "ಮದ್ವೆಗೆ ಮುಂಚೇನೆ ಹೇಳ್ಬೇಕಿತ್ತು. ಅಕ್ಕ ಬ್ಯಾಡ ಅಂದ್ಲು. ಹೇಳಿದ್ರೆ ಯಾರೂ ಹೆಣ್ಣು ಕೊಡಲ್ಲ ಅಂದ್ಲು."

ನಾನು ತಟ್ಟೆಯನ್ನು ಆಚೆಗೆ ಸರಿಸಿದೆ.

"ನಂಗೆ ಎಡಗಿವಿ ಪೂರ್ತಿ ಕೇಳ್ಸಲ್ಲ. ಚಿಕ್ಕೋನಾಗಿದ್ದಾಗ ಕಿವಿ ಸೋರ್ತಿತ್ತು, ಅಂಗೇ ಹೋಗ್ಬುಡ್ತು. ಬಲಗಿವಿ ಅರ್ಧಂಬರ್ಧ. ಇಂಥ ಕಡೆ, ಹತ್ರ ಕೂತ್ರೆ ಕೇಳ್ತೈತೆ. ಜನ ಇರೋ ಕಡೆ ಎಲ್ಲಾ ಒಂದೇ ಗೊಜಗೊಜ. ಯಾವ ಕಡೆಯಿಂದ ಕೂಗ್ತಾವ್ರೆ ಅಂತಾನೂ ತಿಳಿಯಲ್ಲ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಆಮೇಲೆ ನೀರು, ಸಾರು, ಬೋಂಡ ಎಲ್ಲ ಒಂದೊಂದಾಗಿ ನೆನಪಿಗೆ ಬಂದವು.

"ಅಂಗಾದ್ರೆ ನೀವು ನನ್ ಮ್ಯಾಲೆ ಸಿಟ್ಟಾಗಿರ್ಲಿಲ್ವಾ?" ಎಂದೆ.

"ನಾನಾ? ನೀನು ತುಟಿ ಆಡಿಸ್ತಿದ್ದೆ, ದನಿ ಬರ್ತಿರ್ಲಿಲ್ಲ. ನಿಂಗೇ ನಾನು ಹಿಡಿಸಿಲ್ವೇನೋ ಅಂದ್ಕೊಂಡಿದ್ದೆ."

ನನಗೆ ಅಳು ಬಂತು. ಅವರು ಗಾಬರಿಯಾಗಿ ಪರದೆಯ ಕಡೆ ನೋಡಿದರು. "ಅಳ್ಬ್ಯಾಡ ಕಣೆ. ಒಂದು ಮಾತು. ಇದನ್ನ ಯಾರ ಮುಂದೇನೂ ಹೇಳ್ಬ್ಯಾಡ. ಸ್ಕೂಲ್‌ನಾಗೆ ಗೊತ್ತಾದ್ರೆ ಕೆಲ್ಸಕ್ಕೆ ಕುತ್ತು. ಹುಡುಗ್ರು ಏನಂತಾರೆ ಅಂತ ಬಾಯಿ ನೋಡಿ ನೋಡಿ ತಿಳ್ಕಂತೀನಿ. ತನಿಖೆಗೆ ಸಾಹೇಬ್ರು ಬಂದ ದಿನ ಪ್ರಾಣ ಹೋಗಿ ಬರ್ತೈತೆ."

"ಹೇಳಲ್ಲ," ಎಂದೆ. ಅವರಿಗೆ ಕೇಳುವಂತೆ ಹೇಳಿದೆ.

ಅವರ ಮುಖ ಹಗುರಾಯಿತು. ದೋಸೆ ತಿಂದರು, ನನಗೂ ತಿನ್ನಿಸಿದರು. "ಪಾವಗಡದ ಬಸ್ಸು ಬಂದೈತಾ ನೋಡ್ಕಂಡು, ಟ್ರಂಕು ಮೇಲಕ್ಕೆ ಹಾಕ್ಸಿ ಬರ್ತೀನಿ. ನೀನು ಇಲ್ಲೇ ಇರು, ಎಲ್ಲೂ ಹೋಗ್ಬ್ಯಾಡ," ಎಂದು ಮೆಟ್ಟಿಲಿಳಿದು ಹೋದರು.

ನಾನು ಒಬ್ಬಳೇ ಕೂತೆ. ಪಕ್ಕದ ತಾಯಿ ಹಲಗೆಯ ಮೇಲಿನಿಂದ ಇಣುಕಿ, "ಹೊಸ್ದಾಗಿ ಮದ್ವೆ ಆಯ್ತಾ ಬೇಟಿ?" ಎಂದರು. ಹೌದೆಂದೆ. "ನನ್ ಮಗ ಅಂಗಡಿ ಮುಚ್ಕೊಂಡು ಬರ್ತಾನೆ, ಅದಕ್ಕೆ ಕಾಯ್ತಾ ಇದೀನಿ. ಈ ಹೋಟ್ಲು ನಂಗೆ ಇಷ್ಟ. ತಂಪಾಗೈತೆ, ಯಾರೂ ತೊಂದ್ರೆ ಕೊಡಲ್ಲ," ಎಂದರು. ಅವರಿಗೆ ಇಷ್ಟೊತ್ತೂ ನಮ್ಮ ಮಾತು ಕೇಳಿಸಿರಬೇಕು ಎಂದು ಹೊಳೆದು ನನಗೆ ಅಂಜಿಕೆಯಾಯಿತು. ಅವರು ಅದರ ಸುದ್ದಿ ಎತ್ತಲಿಲ್ಲ.

ಆಗ ಬೀದಿಯಲ್ಲಿ ಕೂಗು ಎದ್ದಿತು.

ಮೊದಲು ದೂರದಲ್ಲಿ ಒಂದು ದನಿ. ಆಮೇಲೆ ಹಲವು. ಓಡುವ ಕಾಲುಗಳ ಸದ್ದು. ಯಾರೋ, "ಮುಚ್ರಲೇ, ಬಾಗ್ಲು ಮುಚ್ರಿ! ಚಿರ್ತೆ ತಪ್ಪಿಸ್ಕಂಡೈತೆ!" ಎಂದು ಅರಚಿದರು. ಕೆಳಗೆ ಬೆಂಚು ಉರುಳಿತು. ಜನ ಹೋಟೆಲಿಗೆ ನುಗ್ಗಿ ಬಂದರು. ಧಡಾರೆಂದು ದೊಡ್ಡ ಬಾಗಿಲು ಹಾಕಿ ಅಡ್ಡಮರ ಸರಿಸಿದ ಸದ್ದಾಯಿತು. ಬೀದಿಯ ಅಂಗಡಿಗಳ ಹಲಗೆಬಾಗಿಲುಗಳೂ ಒಂದೊಂದಾಗಿ ಬಿದ್ದವು.

ನಾನು ಕಿಟಕಿಗೆ ಓಡಿದೆ. ಆ ತಾಯಿ ಎದ್ದು ಬಂದು ನನ್ನ ಪಕ್ಕ ನಿಂತರು. "ಯಾ ಅಲ್ಲಾ, ಯಾ ಅಲ್ಲಾ," ಎನ್ನುತ್ತಿದ್ದರು.

ಅಷ್ಟು ಬೇಗ ಒಂದು ಬೀದಿ ಖಾಲಿಯಾಗಬಹುದೆಂದು ನಾನು ತಿಳಿದಿರಲಿಲ್ಲ. ಒಂದು ತರಕಾರಿ ಗಾಡಿ ಮಗುಚಿ ಬಿದ್ದು ಬದನೆಕಾಯಿಗಳು ಚೆಲ್ಲಿದ್ದವು. ಯಾರದೋ ಚಪ್ಪಲಿ. ಎದುರಿನ ಮಹಡಿಗಳ ಕಿಟಕಿಗಳಲ್ಲಿ ಮುಖಗಳು. ಎದುರಿಗೆ, ಎರಡು ಗೋದಾಮುಗಳ ನಡುವಿನ ಓಣಿಯ ಬಾಯಲ್ಲಿ ಒಂದು ಜಟಕಾ ನಿಂತಿತ್ತು, ಗಾಡಿಯವನು ಬಿಟ್ಟು ಓಡಿಹೋಗಿದ್ದ. ಅದರ ಕುದುರೆ ಮುಂದೆಯೂ ಹೋಗದೆ ಹಿಂದೆಯೂ ಸರಿಯದೆ ನಿಂತಲ್ಲೇ ನಡುಗುತ್ತಿತ್ತು. ಅದರ ಕಿವಿಗಳೆರಡೂ ಓಣಿಯ ಕಡೆಗಿದ್ದವು.

ಬೀದಿಯ ತುದಿಯಲ್ಲಿ ನನ್ನ ಗಂಡ ಕಾಣಿಸಿಕೊಂಡರು.

ಅವರು ನಿಧಾನವಾಗಿ ನಡೆದು ಬರುತ್ತಿದ್ದರು. ಮುಚ್ಚಿದ ಅಂಗಡಿಗಳನ್ನು ಒಂದೊಂದಾಗಿ ನೋಡುತ್ತಾ, ಒಂದು ಕಡೆ ನಿಂತು, ಮತ್ತೆ ನಡೆದು ಬರುತ್ತಿದ್ದರು. ಯಾರೋ ದೊಡ್ಡ ಮನುಷ್ಯರು ತೀರಿಕೊಂಡು ಅಂಗಡಿ ಮುಚ್ಚಿಸಿರಬೇಕು ಎಂದುಕೊಂಡರಂತೆ, ಆಮೇಲೆ ಹೇಳಿದರು. ಅತ್ತಿತ್ತ ಮಹಡಿಗಳಿಂದ ಜನ ಕೂಗುತ್ತಿದ್ದರು. "ಓಡ್ಲಾ! ಲೇ, ಓಡೋ! ಚಿರ್ತೆ!" ಎಲ್ಲರೂ ಒಟ್ಟಿಗೆ ಕೂಗುತ್ತಿದ್ದುದರಿಂದ ನನಗೇ ಅದು ಒಂದೇ ಗದ್ದಲವಾಗಿ ಕೇಳುತ್ತಿತ್ತು. "ಕುಡ್ದವ್ನೇನೋ," ಎಂದು ಕೆಳಗಿನಿಂದ ಯಾರೋ ಹೇಳಿದರು.

"ರೀ!" ಎಂದು ಕೂಗಿದೆ. "ರೀ, ಇಲ್ಲಿ! ರೀ!"

ನನ್ನ ದನಿ ಕಿಟಕಿಯಿಂದ ಆಚೆಗೇ ಹೋಗಲಿಲ್ಲ ಅನ್ನಿಸಿತು. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರು ಹೇಳುವಂತಿಲ್ಲ. ಮದುವೆಯ ದಿನ ಶಾಸ್ತ್ರಕ್ಕೆಂದು ಒಂದು ಸಲ ಒಗಟಿನಲ್ಲಿ ಹೇಳಿಸಿದ್ದರು, ಅಷ್ಟೆ. ನಾನು ಕಿಟಕಿಯ ಸರಳು ಹಿಡಿದುಕೊಂಡು ಆ ಹೆಸರನ್ನು ಕೂಗಿದೆ. ಮತ್ತೆ ಕೂಗಿದೆ. ಶಿರಾ ಪೇಟೆ ಬೀದಿಗೆಲ್ಲ ಕೇಳುವಂತೆ ಗಂಟಲು ಹರಿಯುವಷ್ಟು ಕೂಗಿದೆ. ಊರೆಲ್ಲ ಕೇಳಿಸಿಕೊಂಡಿತು. ಅವರಿಗೆ ಮಾತ್ರ ಕೇಳಲಿಲ್ಲ.

ಆ ತಾಯಿ ನಮ್ಮ ಮೇಜಿನ ಮೇಲಿದ್ದ ಹಿತ್ತಾಳೆ ಲೋಟ ತೆಗೆದು ಸರಳಿನ ಸಂದಿಯಿಂದ ಬೀದಿಗೆ ಎಸೆದರು. ಅದು ಕಲ್ಲಿನ ಮೇಲೆ ಬಿದ್ದು ಠಣ್ಣೆಂದು ಉರುಳಿತು. ಆ ಸದ್ದು ನನ್ನ ಗಂಡನಿಗೆ ಕೇಳಿಸಿತು. ಅವರು ನಿಂತರು. ಆದರೆ ಸದ್ದು ಬಂದ ಕಡೆಗೆ ತಿರುಗಲಿಲ್ಲ. ಎದುರು ಕಡೆಗೆ ತಿರುಗಿದರು. ಓಣಿಯ ಬಾಯಲ್ಲಿ ನಡುಗುತ್ತಿದ್ದ ಕುದುರೆ ಕಣ್ಣಿಗೆ ಬಿದ್ದು, ಇದಕ್ಕೇನಾಯಿತು ಎಂದು ನೋಡಲು ಅತ್ತ ಹೆಜ್ಜೆ ಹಾಕಿದರು.

ನಾನು ಮೆಟ್ಟಿಲು ಇಳಿದದ್ದು ನೆನಪಿಲ್ಲ. ಕೆಳಗೆ ಜನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು.

"ಬಾಗ್ಲು ತೆಗೀರಿ," ಎಂದೆ.

"ತೆಗೆಯಲಿಕ್ಕೆ ಆಗುವುದಿಲ್ಲಮ್ಮ," ಎಂದರು ಯಜಮಾನರು. ಅವರ ಮುಖ ಬಿಳುಚಿತ್ತು. "ಒಳಗೆ ಇಷ್ಟು ಜನ ಇದ್ದಾರೆ. ಅದು ಒಳಗೆ ಬಂದರೆ ಏನು ಗತಿ? ನಿಮ್ಮವರು ಗಂಡಸು, ಕೂಗಿದರೆ ಓಡಿ ಎಲ್ಲಿಯಾದರೂ ಸೇರಿಕೊಳ್ಳುತ್ತಾರೆ."

"ಓಡಲ್ಲ ಅವ್ರು!"

"ಯಾಕೆ ಓಡುವುದಿಲ್ಲ?"

"ಅವ್ರಿಗೆ ಕಿವಿ ಕೇಳ್ಸಲ್ಲ!" ಎಂದು ಕಿರುಚಿದೆ. "ಕೂಗಿದ್ರೆ ಕೇಳ್ಸಲ್ಲ ಅವ್ರಿಗೆ! ಬಾಗ್ಲು ತೆಗೀರಿ!"

ಯಾರಿಗೂ ಹೇಳುವುದಿಲ್ಲ ಎಂದು ಅದೇ ಮಹಡಿಯಲ್ಲಿ ಮಾತು ಕೊಟ್ಟು ಇನ್ನೂ ಬಾಯಿಯ ಎಂಜಲು ಆರಿರಲಿಲ್ಲ. ಕೂತವರು, ನಿಂತವರು, ಅಡಿಗೆಮನೆಯಿಂದ ಬಂದವರು ಎಲ್ಲರೂ ಕೇಳಿಸಿಕೊಂಡರು. ನನ್ನ ಹಿಂದೆಯೇ ಇಳಿದು ಬಂದಿದ್ದ ಆ ತಾಯಿ ಯಜಮಾನರ ಮುಂದೆ ನಿಂತು, "ಭಟ್ರೇ, ನಿಮ್ಗೂ ಹೆಣ್ಮಕ್ಳಿದಾರೆ. ತೆಗೀರಿ. ನಾನೂ ಹೋಗ್ತೀನಿ ಇವ್ಳ ಜೊತೆ. ನಾವಿಬ್ರು ಆಚೆ ಹೋದ್ಮೇಲೆ ಹಾಕ್ಕೊಳ್ಳಿ," ಎಂದರು.

ಯಜಮಾನರು ಒಲೆ ಕೆದಕುವ ಕಬ್ಬಿಣದ ಸಲಾಕೆಯನ್ನು ಕೈಗೆ ತೆಗೆದುಕೊಂಡರು. ಬಾಗಿಲಿಗೆ ಒರಗಿದ್ದವರನ್ನು ಸರಿಸಿ ತಾವೇ ಅಡ್ಡಮರ ಎತ್ತಿದರು. ಮೈ ತೂರುವಷ್ಟು ಬಾಗಿಲು ತೆರೆಯಿತು.

ಹೊರಗೆ ಬಿಸಿಲಿತ್ತು. ಇಳಿಹೊತ್ತಿನ ಬಿಸಿಲು, ನೆರಳುಗಳು ಉದ್ದಕ್ಕೆ ಬಿದ್ದಿದ್ದವು. ಪ್ರತಿ ನೆರಳಿನಲ್ಲೂ ಅದು ಕೂತಿದೆ ಎಂದೇ ಅನ್ನಿಸಿತು. ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿದೆ. ಬೀದಿ ದಾಟುವಷ್ಟು ದೂರ, ಹೆಚ್ಚೇನಿಲ್ಲ. ಅವರು ಕುದುರೆಯ ಕತ್ತಿನ ಮೇಲೆ ಕೈ ಇಟ್ಟು ಓಣಿಯೊಳಗೆ ನೋಡುತ್ತಿದ್ದರು. ಓಣಿಯಲ್ಲಿ ಕಡಲೆಕಾಯಿ ಮೂಟೆಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಆ ಮೂಟೆಗಳ ಹಿಂದೆ ಕಾಯಿಗಳು ಗಲಗಲ ಎಂದು ಜಾರಿ ಬಿದ್ದ ಸದ್ದು ನನಗೆ ಕೇಳಿಸಿತು. ಅವರಿಗೆ ಕೇಳಿಸಲಿಲ್ಲ.

ನಾನು ಅವರ ಕೈ ಹಿಡಿದು ಎಳೆದೆ. ಬೆಚ್ಚಿ ತಿರುಗಿದರು. ನಡುಬೀದಿಯಲ್ಲಿ ಹೆಂಡತಿ ಕೈ ಹಿಡಿದಿರುವುದು ಕಂಡು ಅವರ ಮುಖದಲ್ಲಿ ಮೊದಲು ಮೂಡಿದ್ದು ನಾಚಿಕೆ. "ಏನೇ ಇದು," ಎಂದರು. ನನಗೆ ಬಾಯಿ ಬರಲಿಲ್ಲ. ಬಾಯಿ ಆಡಿಸಿದೆನೋ ಏನೋ, ದನಿ ಹೊರಡಲಿಲ್ಲ. ಆ ತಾಯಿ ಬೀದಿಯ ನಡುವೆ ನಿಂತು ಎರಡೂ ಕೈ ಬೀಸಿ ಕರೆಯುತ್ತಿದ್ದರು. ನನ್ನ ಮುಖದಲ್ಲಿ ಏನು ಕಂಡಿತೋ, ನನ್ನ ಗಂಡ ಮರುಮಾತಿಲ್ಲದೆ ನನ್ನ ಜೊತೆ ಓಡಿದರು. ಮಧ್ಯದಲ್ಲಿ ಆ ತಾಯಿಯ ರಟ್ಟೆ ಹಿಡಿದು ಅವರನ್ನೂ ಎಳೆದುಕೊಂಡರು. ಹೋಟೆಲಿನ ಬಾಗಿಲು ಮುಚ್ಚಿರಲಿಲ್ಲ. ಯಜಮಾನರು ಸಲಾಕೆ ಹಿಡಿದು ಹೊಸ್ತಿಲ ಮೇಲೆಯೇ ನಿಂತಿದ್ದರು. ನಾವು ಒಳಗೆ ಬಿದ್ದ ಮೇಲೆ ಅಡ್ಡಮರ ಸರಿಯಿತು.

ನಾನು ಅವರ ಬಲಗಡೆಗೆ ಹೋಗಿ, ಅವರ ಭುಜ ಹಿಡಿದು, ಅಮ್ಮ ಕೇಳಿದ್ದರೆ ಸತ್ತೇಹೋಗುತ್ತಿದ್ದಳು ಅನ್ನುವಂಥ ದನಿಯಲ್ಲಿ ಕೂಗಿದೆ: "ಚಿರ್ತೆ! ಚಿರ್ತೆ ಬಂದೈತೆ ಬೀದೀಗೆ! ಆ ಓಣೀಗೆ ಯಾಕೆ ಹೋದ್ರಿ? ನಿಮ್ಗೇನಾದ್ರೂ ಆಗಿದ್ರೆ ನಾನೇನ್ ಮಾಡ್ಲಿ?"

ಅವರು ನನ್ನನ್ನೇ ನೋಡಿದರು. ಆಮೇಲೆ ಸುತ್ತ ನಿಂತ ಜನರನ್ನು. ಆಮೇಲೆ ಮೆಲ್ಲಗೆ, "ಅಷ್ಟು ಜೋರಾಗಿ ಬ್ಯಾಡ ಕಣೆ. ಈ ಕಿವಿ ಕೇಳ್ತೈತೆ," ಎಂದರು.

ಯಾರೋ ಮೂಲೆಯಲ್ಲಿ ನಕ್ಕರು. ಕೆಟ್ಟ ನಗುವಲ್ಲ, ಹೆದರಿ ಹೆದರಿ ಸುಸ್ತಾದವರು ನಗುವಂಥದ್ದು. ಅದು ಒಬ್ಬರಿಂದ ಒಬ್ಬರಿಗೆ ಹಬ್ಬಿತು. ನಾನು ಮಾತ್ರ ನೆಲದ ಮೇಲೆ ಕುಸಿದು ಕೂತೆ. ನಾನು ಅವರ ಗುಟ್ಟು ಬಾಯಿ ಬಿಟ್ಟಿದ್ದೇನೆಂದು ಅವರಿಗೆ ಆಗಲೇ ತಿಳಿದುಹೋಗಿತ್ತು. ಬಂದು ಪಕ್ಕದಲ್ಲಿ ಕೂತರು. ಬೈಯಲಿಲ್ಲ. ಅವರ ಕೈಯೂ ತಣ್ಣಗಿತ್ತು.

ಎಷ್ಟೋ ಹೊತ್ತು ಹಾಗೇ ಇದ್ದೆವು. ಯಜಮಾನರು ಎಲ್ಲರಿಗೂ ಕಾಫಿ ಕೊಡಿಸಿದರು. ಹೊರಗೆ ಒಮ್ಮೆ ನಾಯಿ ಊಳಿಟ್ಟು ತಟ್ಟನೆ ನಿಂತಿತು. ಒಮ್ಮೆ ಬೂಟುಗಾಲಿನ ಸದ್ದು. ಕಡೆಗೆ ತಮಟೆ ಬಡಿಯುತ್ತಾ ಒಬ್ಬ ಬಂದು, "ಹಿಡ್ದಾಯ್ತು, ಹಿಡ್ದಾಯ್ತು, ಬಾಗ್ಲು ತಗೀರಪ್ಪೋ," ಎಂದು ಸಾರಿಕೊಂಡು ಹೋದ. ಆದರೂ ಯಾರೂ ಮೊದಲು ಹೊರಗೆ ಹೋಗಲು ಒಪ್ಪಲಿಲ್ಲ.

ಪಾವಗಡದ ಬಸ್ಸು ಗಲಾಟೆ ಶುರುವಾದ ಕೂಡಲೇ ನಮ್ಮ ಟ್ರಂಕು ಸಮೇತ ಹೊರಟುಹೋಗಿತ್ತು. ಆ ತಾಯಿಯ ಮಗ ತಾಯಿಯನ್ನು ಹುಡುಕಿಕೊಂಡು ಓಡಿ ಬಂದರು. ವಿಷಯವೆಲ್ಲ ಕೇಳಿ, "ಇನ್ನೆಲ್ಲಿಗೆ ಹೋಗ್ತೀರಾ ಮೇಷ್ಟ್ರೇ, ನಮ್ಮನೇಲೇ ಇದ್ದು ಬೆಳಿಗ್ಗೆ ಹೋಗಿ," ಎಂದರು. ಹೋಗುವುದೋ ಬೇಡವೋ ಎಂದು ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಹುಲಿಕುಂಟೆಯವರಿಗೆ ತಿಳಿದರೆ ಏನನ್ನುತ್ತಾರೆ ಎಂಬ ಅಳುಕು ಇಬ್ಬರಿಗೂ ಇತ್ತು. ಆದರೂ ಕತ್ತಲಾಗುವ ಮೊದಲು ಅವರ ಹಿಂದೆ ನಡೆದೆವು. ಆ ಮನೆಯ ಹೆಂಗಸರು ನನಗೆ ಹಾಲು, ಬಾಳೆಹಣ್ಣು ತಂದಿಟ್ಟು, "ಬೇಕಾದ್ರೆ ಒಲೆ ಹಚ್ಚಿ ನೀವೇ ಅಡಿಗೆ ಮಾಡ್ಕೊಳ್ಳಿ," ಎಂದರು. ಆ ತಾಯಿ ತಮ್ಮ ಪಕ್ಕದಲ್ಲೇ ನನಗೆ ಹಾಸಿ, ನಾನು ಬೆಚ್ಚಿದಾಗೆಲ್ಲ, "ಹೆದ್ರಬೇಡ ಬೇಟಿ, ಬಾಗ್ಲು ಹಾಕೈತೆ," ಎನ್ನುತ್ತಿದ್ದರು.

ಬೆಳಗಿನ ಬಸ್ಸಿನಲ್ಲಿ ಕಂಡಕ್ಟರು ಎಲ್ಲರಿಗೂ ಕಥೆ ಹೇಳುತ್ತಿದ್ದ. ಪಾವಗಡದ ಕಡೆಯವನು, ಅರ್ಧ ಕನ್ನಡ ಅರ್ಧ ತೆಲುಗು. "ಗೋದಾಮು ಸಂದಿಲೋ ಕೂತಿತ್ತಂತೆ ರೀ. ಮೂಟೆ ಹಿಂದೆ. ಆಡಿಸೋನು ಮಾಂಸ ತೋರ್ಸಿ, ಹೆಸರು ಹಿಡಿದು ಕರ್ದಾಗ ತಲೆ ಬಗ್ಗಿಸ್ಕೊಂಡು ಬಂದ್ಬುಡ್ತಂತೆ. ಪಾಪಂ, ಅದಕ್ಕೂ ಭಯಮೇ."

ಯಾವ ಸಂದಿ ಎಂದು ನಾನು ಕೇಳಲಿಲ್ಲ. ಮೂಟೆಗಳ ಹಿಂದೆ ಕಾಯಿ ಜಾರಿದ ಸದ್ದನ್ನು ಆವತ್ತು ಅವರಿಗೆ ಹೇಳಲೂ ಇಲ್ಲ. ಎಷ್ಟೋ ವರ್ಷಗಳ ಮೇಲೆ ಹೇಳಿದೆ.

ಹೊಸಕೋಟೆಗೆ ನಾವು ಹೋಗಿ ನೆಲೆಯೂರುವಷ್ಟರಲ್ಲಿ ಸುದ್ದಿ ಅಲ್ಲಿಗೂ ಬಂದಿತು. ಆ ಹೋಟೆಲಿನಲ್ಲಿದ್ದ ಕಡಲೆಕಾಯಿ ವ್ಯಾಪಾರಿಯೊಬ್ಬ ಹೊಸಕೋಟೆ ಸಂತೆಗೂ ಬರುತ್ತಿದ್ದನಂತೆ. ಒಂದು ಸಂಜೆ ಹೆಡ್‌ಮಾಸ್ಟರು ನಮ್ಮ ಮನೆಗೆ ಬಂದರು. ಇವರು ಎದ್ದು ನಿಂತರು. ನಾನು ಒಳಬಾಗಿಲಲ್ಲಿ ಕೈ ಹಿಸುಕಿಕೊಳ್ಳುತ್ತಾ ನಿಂತೆ. ನನ್ನ ಒಂದು ಕೂಗಿನಿಂದ ಇವರ ಕೆಲಸ ಹೋಯಿತು ಎಂದೇ ಎಣಿಸಿದೆ. ಹೆಡ್‌ಮಾಸ್ಟರು ಕಾಫಿ ಕುಡಿದು, ಮಳೆ ಬೆಳೆ ಮಾತಾಡಿ, ಎದ್ದು ಹೊರಡುವಾಗ ಇವರ ಬಲಗಡೆಗೆ ಬಂದು ನಿಂತರು. "ಮೇಷ್ಟ್ರೇ, ನಿಮ್ಮ ಕ್ಲಾಸಿನಾಗೆ ಬೆಂಚು ಎಲ್ಲಾ ನಿಮ್ಮ ಬಲಗಡೆ ಗೋಡೆ ಕಡೆಗೆ ಹಾಕ್ಸಿದೀನಿ. ಸಾಹೇಬ್ರು ಬಂದಾಗ ನಾನು ಪಕ್ಕದಲ್ಲಿರ್ತೀನಿ," ಎಂದಷ್ಟೇ ಹೇಳಿ ಹೋದರು. ಇವರು ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದರು.

ಆದರೂ ನನ್ನ ಹೆದರಿಕೆ ಹೋಗಲಿಲ್ಲ, ಅದು ಬೇರೆ ಕಡೆಗೆ ತಿರುಗಿತು ಅಷ್ಟೆ. ಮೊದಲು ಅವರಿಗೆ ಹೆದರುತ್ತಿದ್ದೆ, ಈಗ ಅವರಿಗಾಗಿ ಹೆದರತೊಡಗಿದೆ. ಶಾಲೆಯಿಂದ ಮನೆಗೆ ಬರುವ ರಸ್ತೆಯಲ್ಲಿ ಕಡಲೆಕಾಯಿ ತುಂಬಿದ ಲಾರಿಗಳು ಓಡಾಡುತ್ತಿದ್ದವು, ಎತ್ತಿನ ಗಾಡಿಗಳು ಬರುತ್ತಿದ್ದವು, ಒಮ್ಮೊಮ್ಮೆ ಹಗ್ಗ ಹರಿದುಕೊಂಡ ಹೋರಿ. ಶಾಲೆ ಬಿಡುವ ಹೊತ್ತಿಗೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಬೀದಿಯ ತುದಿಗೆ ಹೋಗಿ ನಿಲ್ಲುತ್ತಿದ್ದೆ. ಪಕ್ಕದ ಮನೆಯಾಕೆ, "ಏಮಮ್ಮಾ, ದಿನಾ ಎದುರುಗೊಳ್ಳೋಕೆ ಅವ್ರೇನು ದೊರೆನಾ?" ಎಂದು ನಗುತ್ತಿದ್ದಳು. ಅವಳಿಗೆ ಏನು ಹೇಳಲಿ? ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ರಸ್ತೆಯ ತಿರುವಿನಲ್ಲಿ ಅವರ ಬಿಳಿ ಅಂಗಿ ಕಂಡು, ಹುಣಸೆಮರದ ಹತ್ತಿರ ಬಂದರು, ಇನ್ನು ಭಯವಿಲ್ಲ ಎನ್ನಿಸಿದ ಮೇಲೆ ಮನೆಗೆ ಬಂದು ಒಲೆ ಹಚ್ಚಿ ಮುದ್ದೆಗೆ ಎಸರಿಡುತ್ತಿದ್ದೆ.